ಜೆಲ್ಲಿ ಸಾಕ್ಷಿ

ಮರಳುಗಾಡಿನ ಊರು ಎರ್ಮೊಸಿಯೊ. ಜುಲೈ.
ಹನ್ನೊಂದು ಗಂಟೆಗೇ ನಲವತ್ತನಾಲ್ಕು ಡಿಗ್ರಿ.
ಬಾನೆಟ್ಟಿನ ಮೇಲೆ ಕೈಯಿಟ್ಟರೆ ಚರ್ಮ ಅಲ್ಲೇ ಉಳಿಯುತ್ತದೆ.
ದೋನ್ಯಾ ಸೊಕೊರ್ರೊ ಬಂದಳು,
ಬಿಳಿ ತ್ಸುರು ಕಾರು, ಹಿಂದಿನ ಸೀಟು ಕಿತ್ತು ಹಲಗೆ ಹಾಸಿದ್ದು,
ಹಲಗೆಯ ಮೇಲೆ ತಟ್ಟೆ, ತಟ್ಟೆಯಲ್ಲಿ
ಬೋರಲು ಹಾಕಿದ ಹಸಿರು ಜೆಲ್ಲಿ.

"ಇದು ನನ್ನ ಮೀಟರು" ಅಂದಳು.

ಕೇಕು ಮಾಡುವವಳು. ಹದಿನೈದು ತುಂಬಿದ ಹುಡುಗಿಯರಿಗೆ
ಮೂರಂತಸ್ತು, ನಾಕಂತಸ್ತು,
ಸಕ್ಕರೆಯ ಕಂಬ, ಸಕ್ಕರೆಯ ಮೆಟ್ಟಿಲು,
ತುದಿಯಲ್ಲಿ ಗೌನು ತೊಟ್ಟ ಸಕ್ಕರೆ ಹುಡುಗಿ.
ಏಸಿ ಹಾಕದಿದ್ದರೆ ಕೆನೆ ಕರಗಿ
ಹುಡುಗಿ ಮೊಣಕಾಲ ತನಕ ಹೂತುಹೋಗುತ್ತಾಳೆ.
ಹಾಕಿದರೆ ಕಾರು ಗಡಗಡ,
ಕಂಬ ಬಿರುಕು, ಮೆಟ್ಟಿಲು ಪುಡಿ.
ಹೋದ ಶನಿವಾರ ಸಿಗ್ನಲ್ಲಿನಲ್ಲಿ ನಿಂತಾಗ
ತಲೆ ಕಳಚಿ ಉರುಳಿ ಗೇರ್ ಕಡ್ಡಿಯ ಪಕ್ಕ ಬಿತ್ತಂತೆ.
"ಹುಡುಗಿಯ ತಾಯಿ ಎದುರೇ ಅಂಟಿಸಿದೆ" ಅಂದಳು, "ಜೇನಿನಿಂದ."

ನನಗಿಂತ ಮೊದಲು ಇಬ್ಬರು ನೋಡಿದ್ದರು.
ಒಬ್ಬ ಕಂಪ್ರೆಸರನ್ನೇ ಬದಲಿಸಿದ. ನಡುಕ ಹಾಗೇ.
ಇನ್ನೊಬ್ಬ ಬೆಲ್ಟು, ಬೇರಿಂಗು, ಮೇಲಿಷ್ಟು ಗ್ಯಾಸು. ನಡುಕ ಇನ್ನಷ್ಟು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ,
ಬಿಲ್ಲು ಮಾತ್ರ ಎರಡರ ಒಡತಿಗೂ.

ಕೆಂಪು ಪೈಪು, ನೀಲಿ ಪೈಪು ಸಿಕ್ಕಿಸಿ ಗೇಜು ನೋಡಿದೆ.
ಗ್ಯಾಸು ಮಿತಿ ಮೀರಿತ್ತು, ಹದಕ್ಕೆ ಇಳಿಸಿದೆ.
ಜೆಲ್ಲಿ ಕೊಂಚ ಸಮಾಧಾನಗೊಂಡಿತು, ಪೂರ್ತಿ ಅಲ್ಲ.
ಬೆಲ್ಟು ಕಳಚಿ ರಾಟೆ ತಿರುಗಿಸಿದರೆ
ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ನುಣ್ಣಗೆ.
ನಾಕು ಬೋಲ್ಟೂ ಬಿಗಿ.
ಬೆಲ್ಟು ಮತ್ತೆ ಏರಿಸಿದೆ. ನನ್ನ ಹುಡುಗ ನಬೋರ್ ಒಳಗೆ ಕೂತು
ಗುಂಡಿ ಒತ್ತುತ್ತಾನೆ, ಬಿಡುತ್ತಾನೆ.
ಟಕ್. ಕ್ಲಚ್ಚು ಕಚ್ಚಿತು. ಎಂಜಿನ್ನು ಒಮ್ಮೆ ಕುಗ್ಗಿ
ಮತ್ತೆ ಏಳುತ್ತದೆ, ಮೂಟೆ ಹೊತ್ತ ಹಮಾಲನಂತೆ.

ಉದ್ದ ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು
ತುದಿಯನ್ನು ಒಂದೊಂದೇ ಕಡೆ ಊರಿದೆ.
ಕಂಪ್ರೆಸರ್ ತನ್ನ ಪಾಡಿಗೆ ತಾನು ಗುನುಗುತ್ತಿತ್ತು.
ಅಲ್ಲಿಂದ ಹೊರಟ ಪೈಪಿನಲ್ಲೂ ಅದೇ ಗುನುಗು.
ಪೈಪು ಬಾಗುವಲ್ಲಿ, ಬ್ಯಾಟರಿಯ ಹಿಂದೆ, ಕತ್ತಲಲ್ಲಿ,
ಕಿವಿಯೊಳಗೆ ಕಣಜ ನುಗ್ಗಿದಂತಾಯಿತು.

ಪೈಪು ಬಾಡಿಗೆ ತಾಗಿತ್ತು.
ಇಷ್ಟೇ. ಒಂದು ಕಾಸಿನ ಅಗಲ.
ಹಿಡಿದಿಟ್ಟ ಕ್ಲಾಂಪು ಎಂದೋ ಕಳಚಿ ಯಾವುದೋ ರಸ್ತೆ ಪಾಲು.
ತಾಗಿದಲ್ಲಿ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು.
ನಡುಗುವುದು ಕಂಪ್ರೆಸರಿನ ಹುಟ್ಟುಗುಣ;
ಅದನ್ನು ಬಾಗಿಲಿಗೆ, ಕನ್ನಡಿಗೆ, ಕೂತವರ ಹಲ್ಲಿಗೆ
ಹೋಗಿ ಹೋಗಿ ಹೇಳುತ್ತಿದ್ದದ್ದು ಈ ಚಾಡಿಕೋರ ಪೈಪು.

ರಬ್ಬರು ಬೇಕು. ಅಂಗಡಿ ಊಟಕ್ಕೆ ಮುಚ್ಚಿದೆ, ನಾಕರ ತನಕ ತೆಗೆಯದು.
ಮೂರಕ್ಕೆ ಕೇಕು ಸಭಾಂಗಣದಲ್ಲಿರಬೇಕು.
ನಬೋರ್ ಸುತ್ತ ನೋಡಿದ. ನಾನು ಕೆಳಗೆ ನೋಡಿದೆ.
ನನ್ನ ಚಪ್ಪಲಿ. ಮೇಲೆ ತೊಗಲು, ಅಡಿಗೆ ಲಾರಿ ಟೈರು,
ಇನ್ನೂ ಹತ್ತು ವರ್ಷ ಬರುವಂಥದು.
ಎಡಗಾಲಿನ ಹಿಮ್ಮಡಿಯಿಂದ ಎರಡು ಬೆರಳಗಲ ಕುಯ್ದೆ,
ಪೈಪಿಗೆ ಸುತ್ತಿದೆ, ತಗಡಿನ ಪಟ್ಟಿ ಬಿಗಿದೆ.

"ಹಾಕು" ಅಂದೆ.
ಟಕ್.
ಮೂವರೂ ಹಿಂದಿನ ಬಾಗಿಲಿಗೆ ತಲೆ ತೂರಿಸಿ
ತೊಟ್ಟಿಲು ನೋಡುವವರ ಹಾಗೆ ಜೆಲ್ಲಿ ನೋಡಿದೆವು.
ಒಮ್ಮೆ ಅದುರಿತು. ಆಮೇಲೆ ಅಂಚಿನಲ್ಲಿ ಮಾತ್ರ,
ಹಾಲು ಕೆನೆ ಕಟ್ಟುವಾಗಿನಷ್ಟು.
"ಪೂರ್ತಿ ನಿಲ್ಲೋದಿಲ್ವ?"
"ಪೂರ್ತಿ ನಿಂತರೆ ತಳ್ಕೊಂಡು ಹೋಗಬೇಕು."
ನಗಲಿಲ್ಲ. ಗಡಿಯಾರ ನೋಡಿದಳು.
ಹಣದ ಜೊತೆ ಜೆಲ್ಲಿಯನ್ನೂ ಇಟ್ಟು ಹೊರಟಳು.
ತಿರುವಿನಾಚೆ ರಸ್ತೆ ಉಬ್ಬು ಇದೆ, ಹೇಳಲು ಮರೆತೆ.
ಇರಲಿ, ಉಬ್ಬು ನನ್ನ ಕಸುಬಲ್ಲ.

ಜೆಲ್ಲಿ ನಿಂಬೆಯದು. ಮುಕ್ಕಾಲು ನಬೋರನೇ ತಿಂದ.
ಸಂಜೆ ಮನೆಗೆ ನಡೆದೆ, ಎಡಗಾಲು ಒಂದು ಬೆರಳು ತಗ್ಗು,
ಹೆಜ್ಜೆಗೊಮ್ಮೆ ಊರು ಎಡಕ್ಕೆ ವಾಲುತ್ತಿತ್ತು.
ಹೆಂಡತಿ ಬಾಗಿಲಲ್ಲೇ ತಡೆದಳು: ಕುಡಿದಿದ್ದೀಯ?
ಇಲ್ಲ ಕಣೇ,
ಚಪ್ಪಲಿಯ ಚೂರೊಂದು ಔತಣಕ್ಕೆ ಹೋಗಿದೆ.