ಕೈಜಿಡ್ಡು

ದೋನಾ ಪಾವ್ಲಾದ ಈ ಮೂರನೇ ಮಹಡಿಯಲ್ಲಿ
ನನ್ನ ಕೆಲಸ ಗಾಜು ತೊಳೆಯುವುದು.
ತೊಳೆದದ್ದನ್ನು ನಾನೂರೈವತ್ತು ಡಿಗ್ರಿಯಲ್ಲಿ ಸುಡುವುದು,
ಯಾರ ಬೆವರೂ ಅದರಲ್ಲಿ ಉಳಿಯದ ಹಾಗೆ.
ಅಷ್ಟು ಮಡಿ.

ಎರ್ಮೆಲಿಂಡಾ ಮೇಡಂ ಕಡಲತಳದ ಕೆಸರನ್ನು
ಹಲ್ವದ ಹಾಗೆ ಕೊಯ್ಯುತ್ತಾರೆ, ಸೆಂಟಿಮೀಟರಿಗೊಂದು ಬಿಲ್ಲೆ,
ಬಿಲ್ಲೆಗೆ ಕೆಲವು ತಲೆಮಾರು.
ಒಳಗೆ ಆರ್ಕಿಯಾಗಳ ಪೊರೆ ಇದೆಯಂತೆ.
ಕಣ್ಣಿಗೆ ಕಾಣದ ಜೀವ. ಸತ್ತು ಎಷ್ಟೋ ಕಾಲ,
ಮೈಯ ಜಿಡ್ಡು ಮಾತ್ರ ಹೋಗಿಲ್ಲ.
ನೀರು ಬೆಚ್ಚಗಿದ್ದರೆ ಆ ಜಿಡ್ಡಿನ ಎಳೆಗೆ
ಐದು ಮೂಲೆಯ ಬಳೆ ಹೆಚ್ಚು,
ತಣ್ಣಗಿದ್ದರೆ ಕಡಿಮೆ.
ಬಳೆ ಎಣಿಸಿದರೆ ತಿಳಿಯುತ್ತದಂತೆ
ಯಾವ ಕಾಲದ ಕಡಲಿಗೆ ಎಷ್ಟು ಕಾವಿತ್ತೆಂದು.

ಮನಸ್ಸಿನಲ್ಲೇ ನಕ್ಕೆ. ನಮ್ಮ ಮನೆಯಲ್ಲೂ ಇದೆ ಅಂಥದೊಂದು,
ವಾಸ್ಕೋದಲ್ಲಿ, ಮಂಗೋರ್ ಗುಡ್ಡದ ಮೇಲೆ:
ಅವ್ವನ ಕೊಬ್ಬರಿ ಎಣ್ಣೆಯ ಶೀಸೆ.
ವರ್ಷಕ್ಕೆ ನಾಲ್ಕೋ ಐದೋ ಬೆಳಗು
ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು.
'ಹಾನಗಲ್ಲಿನ ಚಳಿ ಬಂತು ನೋಡು' ಅಂತ
ಅವ್ವ ಅದನ್ನು ಬಿಸಿಲಿಗೆ ಇಡುತ್ತಿದ್ದಳು.
ಹಾನಗಲ್ಲು ಬಿಟ್ಟು ನಲವತ್ತು ವರ್ಷ.
ಹೋದ ವರ್ಷ ಒಂದು ದಿನವೂ ಹೆಪ್ಪುಗಟ್ಟಲಿಲ್ಲ.
ಅದನ್ನು ಯಾರೂ ಬರೆದಿಟ್ಟಿಲ್ಲ.

ಹದಿನೆಂಟನೇ ಬಿಲ್ಲೆ ಕೊಯ್ದ ದಿನ
ಮೇಡಂ ಫೋನು ಬಂತೆಂದು ಹೊರಗೆ ಹೋದರು.
ಕೈಗವಸು ಕಳಚಿ ಮುಟ್ಟಿದೆ.
ಯಾಕೆಂದು ಕೇಳಬೇಡಿ.
ರಾತ್ರಿ ನಾದಿಟ್ಟ ಹಿಟ್ಟಿನ ಹಾಗೆ ತಣ್ಣಗಿತ್ತು.
ತುಸುವೇ ಕೆಟ್ಟ ಮೊಟ್ಟೆಯ ವಾಸನೆ.
ಬೆರಳೊತ್ತಿದಲ್ಲಿ ಗುಳಿ ಬಿತ್ತು,
ಮೆಲ್ಲಗೆ ಸವರಿ ಮುಚ್ಚಿದೆ.

ವಾರದ ಮೇಲೆ ಯಂತ್ರ ಗೆರೆ ಬರೆಯಿತು.
ಪುಟ್ಟ ಪುಟ್ಟ ದಿಬ್ಬಗಳ ನಡುವೆ
ಗೋಪುರದಂತೆ ಎದ್ದು ನಿಂತದ್ದೊಂದು.
'ಇದು ಕಡಲಿನದಲ್ಲ,' ಅಂದರು ಮೇಡಂ.
ಸ್ವಲ್ಪ ಹೊತ್ತು ಬಿಟ್ಟು, 'ತೆಂಗಿನೆಣ್ಣೆ.'
ನನ್ನ ಜಡೆಯ ಕಡೆ ನೋಡಿದರು.
ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ದಾಖಲೆ ಪುಸ್ತಕದಲ್ಲಿ ಅವರೇ ಬರೆದದ್ದು:
ಹದಿನೆಂಟು. ಕೈಜಿಡ್ಡು. ಕೈಬಿಡಲಾಗಿದೆ.

ಗೋಡೆಗೆ ಅಂಟಿಸಿದ ಕೋಷ್ಟಕದಲ್ಲಿ
ಹದಿನೇಳಕ್ಕೆ ಇಪ್ಪತ್ತೇಳು ಡಿಗ್ರಿ ಮತ್ತು ಚಿಲ್ಲರೆ,
ಹತ್ತೊಂಬತ್ತಕ್ಕೂ ಹೆಚ್ಚು ಕಡಿಮೆ ಅಷ್ಟೇ.
ನಡುವೆ ಒಂದು ಖಾಲಿ ಮನೆ.
ಇಡೀ ಗೋವೆಯಲ್ಲಿ ನನ್ನದು ಅನ್ನಬಹುದಾದ
ಮನೆ ಅದೊಂದೇ.

ಆ ಶೀಸೆಯನ್ನು ಮೂರು ಸಲ ತೊಳೆದೆ.
ಬೆಳಕಿಗೆ ಹಿಡಿದೆ. ಏನೂ ಇರಲಿಲ್ಲ.
ಆದರೂ ಒಲೆಗಿಟ್ಟೆ.
ಐದೂವರೆಯ ಬಸ್ಸು ಜುವಾರಿ ದಾಟುವಾಗ
ಕಿಟಕಿಯ ಗಾಜಿಗೆ ತಲೆ ಆನಿಸಿದೆ.
ಇಳಿಯುವಾಗ ತಿರುಗಿ ನೋಡಿದರೆ
ಅಲ್ಲಿ ದುಂಡಗೆ ಒಂದು ಮಂಜು ಕಲೆ.