ಡೈರೆಕ್ಟ್

ಸಾಣಾಪುರದ ಕೆರೆದಂಡೆ, ಹುಣಸೆಮರದ ಕೆಳಗೆ
ಜೀಪಿನ ಬೆನ್ನಿಗೆ ಕಟ್ಟಿಕೊಂಡು ಬಂದ ಮನೆ.
ಎರಡು ಗಾಲಿ, ಒಂದು ಕಿಟಕಿ,
ಕಿಟಕಿಗೆ ಹಳೇ ಇಳಕಲ್ ಸೀರೆಯ ಸೆರಗು.
ಮನೆಯೊಡತಿ ಇಂದ್ರಾಬಾಯಿ ಕಟಗೇರಿ,
ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವರು.
ನನ್ನನ್ನೂ ಹಾಗೇ ನೋಡಿದರು,
ಮೇಲಿಂದ ಕೆಳಗೆ, ಒಂದು ಸಲ.

"ಮೂರು ದಿನ ಆತು, ನೀರು ಕಾಯಂಗಿಲ್ಲ.
ಗ್ಯಾಸ್ ಐತಿ, ಬ್ಯಾಟರಿ ಐತಿ,
ಗುಂಡಿ ಒತ್ತಿದ್ರ ಟಕ್ ಅನ್ನೂದೂ ಇಲ್ಲ."

ಹೊರಗಿನ ಜಾಲರಿ ಬಾಗಿಲು ತೆಗೆದೆ.
ಗೀಸರಿನ ಬಾಯಿಯ ಹತ್ತಿರ, ತಂತಿಯ ನಡುವೆ
ನಾಲ್ಕು ಅಕ್ಕಿಕಾಳು ಸೇರಿಸಿಟ್ಟಷ್ಟು ಗಾತ್ರದ ಫ್ಯೂಸು.
ಬಿಸಿ ಹದ್ದು ಮೀರಿದರೆ ಒಳಗೇ ಕರಗಿ
ದಾರಿ ಕಡಿಯುವುದು, ಅಷ್ಟೇ ಅದರ ಕೆಲಸ.
ಒಂದೇ ಸಲ. ಆಮೇಲೆ ಎಸೆಯುವುದು.
ಮೀಟರ್ ಹಚ್ಚಿದೆ. ಮುಳ್ಳು ಮಲಗಿಯೇ ಇತ್ತು.

ಬಾಯಿಗೆ ಬಂತು ನೋಡಿ, ಹದಿನಾರು ವರ್ಷದ ರೂಢಿ:
"ಡೈರೆಕ್ಟ್ ಕೊಟ್ಟು ಬಿಡ್ಲೇನ್ರಿ ಅಕ್ಕಾರ?
ಎರಡು ತಂತಿ ಕೂಡಿಸಿದ್ರ ಮುಗೀತು, ಐದು ನಿಮಿಷ."

ಅವರು ಚಹಾದ ಲೋಟ ಕೆಳಗಿಟ್ಟರು.
"ನಮ್ಮಪ್ಪ ಗುಂತಕಲ್ಲಿನ್ಯಾಗ ಕಲ್ಲಿದ್ದಲು ಎಂಜಿನ್ನಿಗೆ ಬೆಂಕಿ ಹಾಕತಿದ್ದ.
ಬಾಯ್ಲರಿನ ನೆತ್ತಿಗೆ ಒಂದು ಸೀಸದ ಬಿರಡೆ.
ನೀರು ಇಳಿದ್ರ ಸೀಸ ಕರಗಿ, ಉಗಿ ನುಗ್ಗಿ, ಬೆಂಕಿ ಆರಬೇಕು.
ಕರಗಿಸಿದವನಿಗೆ ಮೆಮೊ, ಪಗಾರ ಕಟ್.
ಅದಕ್ಕ ಒಬ್ಬಾವ ಸೀಸದ ಜಾಗಾಕ ಕಬ್ಬಿಣ ಹೊಡದಿದ್ದ."
ಮುಂದೆ ಹೇಳಲಿಲ್ಲ.
"ಹೋಗು, ಹೊಸಾದು ತಗೊಂಬಾ. ಅಲ್ಲೀತನ ತಣ್ಣೀರು."

ಗಂಗಾವತಿಯಲ್ಲಿ ನಾಲ್ಕು ಅಂಗಡಿ ಅಲೆದೆ.
ರೈಸ್ ಕುಕ್ಕರಿನದು ಕೊಡಲು ಬಂದರು, ಅದರ ಅಂಕಿ ಬೇರೆ.
ಕೊನೆಗೆ ಲಾಡ್ಲೆಸಾಬ ಡಬ್ಬಿಯ ತಳ ಕೆದರಿ
"ಮೂರು ಒಯ್ಯಿ, ಒಂದು ನೀ ಸುಡತಿ" ಅಂದ.

ಸುಟ್ಟೆ. ಕಾವಿಗೆ ಸಾಯಲೆಂದೇ ಹುಟ್ಟಿದ್ದಕ್ಕೆ
ಕಾವಿನಿಂದಲೇ ಬೆಸುಗೆ ಹಾಕಲು ಹೋದ ಜಾಣ ನಾನು.
ಎರಡನೆಯದನ್ನು ಇಕ್ಕಳದಿಂದ ಒತ್ತಿ ಕಚ್ಚಿಸಿದೆ,
ಮೂಗುಬೊಟ್ಟು ಹಾಕುವ ಅಕ್ಕಸಾಲಿಯ ಹಾಗೆ, ಉಸಿರು ಹಿಡಿದು.

ಆದರೆ ಹಳೆಯದು ಸತ್ತದ್ದು ಯಾಕೆ?
ಟಾರ್ಚ್ ಬಿಟ್ಟು ನೋಡಿದರೆ ಬರ್ನರಿನ ಕೊಳವೆಯೊಳಗೆ
ಕುಂಬಾರಹುಳ ಕಟ್ಟಿದ ಮಣ್ಣಿನ ಗೂಡು.
ತುಂಗಭದ್ರೆಯ ಗದ್ದೆಯ ಎರೆಮಣ್ಣು, ಎಷ್ಟು ನಯ!
ಮುಂದೆ ಹೋಗಲಾರದ ಬೆಂಕಿ ಹಿಂದಕ್ಕೆ ನಾಲಗೆ ಚಾಚಿದೆ,
ಈ ಚೂರು ಅಡ್ಡ ನಿಂತಿದೆ
ಅವರು ಒಳಗೆ ಮಲಗಿದ್ದಾಗ.

ಗೂಡು ಕೆರೆದು ತೆಗೆದೆ. ಗುಂಡಿ ಒತ್ತಿದರು.
ಟಕ್. ಟಕ್. ಭುಸ್.
ಅಗಸೆ ಹೂವಿನ ನೀಲಿ.
ಇನ್ನೂರು ಅಂದೆ, ಮುನ್ನೂರು ಕೊಟ್ಟು
"ಬಿಸಿನೀರು ಬಂದ ಮ್ಯಾಲ ಹೋಗು" ಅಂತ ಕೂರಿಸಿದರು.

ಕೂತಾಗಲೇ ನೆನಪಾದದ್ದು.
ಗಂಗಾವತಿ ಬಸ್‌ಸ್ಟ್ಯಾಂಡ್ ಹಿಂದಿನ ಲಾಡ್ಜು,
ಎಂಟು ವರ್ಷದ ಕೆಳಗೆ, ಮದುವೆ ಸೀಜನ್ನು, ರೂಮು ಹನ್ನೆರಡು.
"ಲಗೂನ ಮಾಡಪಾ, ಬೀಗರು ಬರ್ತಾರ."
ಎರಡು ತಂತಿ. ಐದು ನಿಮಿಷ. ಐವತ್ತು ರೂಪಾಯಿ.
ಆಮೇಲೆ ಆ ಓಣಿಗೆ ನಾನು ಕಾಲಿಟ್ಟಿಲ್ಲ.
ಏನೂ ಆಗಿಲ್ಲ ಅಂತಲೇ ಅಂದುಕೊಂಡಿದ್ದೇನೆ.
ಆಗಿದ್ದರೆ ಪೇಪರಿನಲ್ಲಿ ಬರುತ್ತಿತ್ತಲ್ಲ.

ಕತ್ತಲಾದ ಮೇಲೆ ಗಾಡಿ ತಾನಾಗಿ ಆ ಓಣಿಗೆ ತಿರುಗಿತು ಅನ್ನಬೇಕು,
ಸುಳ್ಳು, ನಾನೇ ತಿರುಗಿಸಿದೆ.
ಲಾಡ್ಜಿನ ಹೆಸರು ಬದಲಾಗಿದೆ, ಬಣ್ಣವೂ.
ಮೆಟ್ಟಿಲು ಅದೇ.
ಕೌಂಟರಿನ ಹುಡುಗ ಫೋನಿನಿಂದ ತಲೆ ಎತ್ತದೆ
"ರೂಮ್ ಬೇಕೇನ್ರಿ? ಬಿಸಿನೀರು ಇಪ್ಪತ್ನಾಲ್ಕು ತಾಸು ಐತಿ" ಅಂದ.

ಜೇಬಿನಲ್ಲಿ ಬೆರಳು ಮೂರನೆಯದನ್ನು ಹುಡುಕುತ್ತಿತ್ತು.

"ಹನ್ನೆರಡು ಖಾಲಿ ಐತೇನು?"