ಎಡಗೈ

ಎಡಗೈಯಲ್ಲಿ ಕೊಡಬಾರದು, ಎಡಗೈಯಲ್ಲಿ ತಗೋಬಾರದು
ಎಂದು ಹೇಳಿ ಬೆಳೆಸಿದ ಮನೆಯವಳು ನಾನು.
ಲಾನ್ಸೆಸ್ಟನ್ನಿಗೆ ಬಂದು ಹದಿನೇಳು ವರ್ಷ,
ಬಾಲ್ಫರ್ ಬೀದಿಯ ಏರಿನಲ್ಲಿ
ಆ ಕೈಯೇ ನನಗೆ ಅನ್ನ ಹಾಕಿದ್ದು.

ಕಲಿಯುವವರಿಗೆ ಹೇಳುತ್ತಿದ್ದೆ:
ಹ್ಯಾಂಡ್‌ಬ್ರೇಕ್ ಇರಲಿ. ಕ್ಲಚ್ಚಿನಿಂದ ಕಾಲು ಮೆಲ್ಲಗೆ, ಇನ್ನೂ ಮೆಲ್ಲಗೆ,
ನೋಡು, ಮೂತಿ ಎತ್ತಿತು ಕಾರು,
ಹಿಂಡಿಯ ವಾಸನೆ ಹಿಡಿದ ಎಮ್ಮೆಯ ಥರ,
ಅಲ್ಲೇ, ಅಲ್ಲೇ ಅದು ಕಚ್ಚೋದು. ಈಗ ಬಿಡು.
ಕೆಲವರು ಅಳುತ್ತಿದ್ದರು. ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಿದ್ದ.
ನನ್ನ ಗೇರಿನ ಗುಂಡಿನ ಮೇಲೆ ಅಂಕಿಗಳೆಲ್ಲ ಅಂಗೈಗಳಿಗೆ ಸವೆದು
ಐದು ಒಂದೇ ಉಳಿದಿದೆ;
ಈ ಊರ ದಿಬ್ಬಗಳಲ್ಲಿ ಅದನ್ನು ಯಾರೂ ಕರೆಯುವುದಿಲ್ಲ.

ಈ ವರ್ಷ ಹನ್ನೊಂದು ಜನ. ಹತ್ತು ಮಂದಿ ಕೇಳಿದ್ದು ಒಂದೇ:
ಆಟೋಮ್ಯಾಟಿಕ್ ಇದೆಯಾ?
ತಪ್ಪೇನು. ನಾಳೆ ಅವರು ಕೊಳ್ಳುವ ಕಾರಿಗೆ ಗೇರೇ ಇರುವುದಿಲ್ಲವೇನೋ.
ಹನ್ನೊಂದನೆಯವಳು ಟೇಗನ್.
ತಾತ ಬಿಟ್ಟುಹೋದ ಬಿಳಿ ಯೂಟ್ ಗಾಡಿ ಇತ್ತು ಅವಳಿಗೆ,
ಮೂರರಿಂದ ಎರಡಕ್ಕೆ ಇಳಿಸಿದರೆ
ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕರಕರ.

ಇನ್ವರ್ಮೇಯ ತಗ್ಗಿನಲ್ಲಿ, ನದಿ ಕಟ್ಟೆಯ ಹಿಂದೆ, ಕ್ಲೈವ್ ಪಾಡ್‌ಮೋರ್‌ನ ಶೆಡ್ಡು.
ಅವನು ಅಡಿಗೆ ನುಗ್ಗಿ ತಿರುಪು ಬಿಚ್ಚಿದ.
ಇಳಿಯಿತು ಎಣ್ಣೆ, ಸೀದ ಒಗ್ಗರಣೆಯ ಬಣ್ಣ.
ತಿರುಪಿನ ತುದಿಯ ಅಯಸ್ಕಾಂತಕ್ಕೆ
ಬೆಲ್ಲಕ್ಕೆ ಮುತ್ತಿದ ಇರುವೆಯಂತೆ ಉಕ್ಕಿನ ರೋಮ.
ಬೆರಳಲ್ಲಿ ತಿಕ್ಕಿ, ಮೂಸಿ, ಕೇಳಿದ,
ಯಾವಾಗ ಬದಲಿಸಿದ್ದು ಇದನ್ನು?
ಬದಲಿಸೋದೇ ಬೇಡ, ಜೀವಮಾನದ ಎಣ್ಣೆ ಅಂತಿದ್ದರು ತಾತ.
ಯಾರ ಜೀವಮಾನ? ಎಂದ ಕ್ಲೈವ್, ನಗುತ್ತ.
ಟೇಗನ್ ನೆಲ ನೋಡಿದಳು.
ಅವನಿಗೆ ತಡವಾಗಿ ಹೊಳೆಯಿತು.
ಸ್ಪ್ಯಾನರಿನಿಂದ ಕಿವಿ ಕೆರೆದುಕೊಂಡು
ಮತ್ತೆ ಗಾಡಿಯಡಿ ಸೇರಿಕೊಂಡ, ಅಲ್ಲೇನೂ ಕೆಲಸವಿಲ್ಲದಿದ್ದರೂ.

ಮೂರು ದಿನದ ಮೇಲೆ ಪೆಟ್ಟಿಗೆ ಬಿಚ್ಚಿ ಹರಡಿದ್ದ ಹಳೆಯ ಟವೆಲ್ಲಿನ ಮೇಲೆ.
ಹೊಸದು ಹಾಕಿದೆ, ಇದು ಎರಡನೇ ಗೇರಿನ ಸಿಂಕ್ರೋ ಉಂಗುರ,
ಹಿತ್ತಾಳೆಯದು, ಹಲ್ಲು ಮೊಂಡಾಗಿದೆ ನೋಡು,
ಎಲ್ಲ ಒಂದೇ ಪಕ್ಕಕ್ಕೆ.
ಅವಸರದ ಮನುಷ್ಯ, ಅಲ್ಲವಾ?
ಹೂಂ, ಎಂದಳು ಅವಳು, ಊಟಕ್ಕೂ ಕೂರುತ್ತಿರಲಿಲ್ಲ.
ಮಗುವಿನ ಬಳೆಯಷ್ಟು ಅಗಲ. ಬಹಳ ಹೊತ್ತು ತಿರುಗಿಸಿ
ನನ್ನತ್ತ ಚಾಚಿದಳು, ನೋಡಿ ಎಂದು,
ಎಡಗೈಯಲ್ಲಿ.
ನಾನೂ ಎಡಗೈಯಲ್ಲೇ ತಗೊಂಡೆ.

ಬರುವ ಮಂಗಳವಾರ ನನ್ನ ಹೊಸ ಕಾರು. ಎರಡೇ ಪೆಡಲು.
ಅದಕ್ಕೂ ಎಣ್ಣೆ ಇದೆಯಂತೆ, ಕೆಂಪಗೆ, ಅದೂ ಜೀವಮಾನದ್ದಂತೆ.
ನಂಬಬೇಡ, ಅರವತ್ತು ಸಾವಿರ ಕಿಲೋಮೀಟರಿಗೆ ಬಾ ಎಂದಿದ್ದಾನೆ ಕ್ಲೈವ್,
ಶೆಡ್ಡು ಅಷ್ಟು ದಿನ ಇದ್ದರೆ.
ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡೆ, ಬಲಗೈಯಲ್ಲಿ.
ಎಡಗೈ ಮಡಿಲಲ್ಲಿ ಕೂತು
ಏನನ್ನೋ ಎರಡಕ್ಕೆ ಇಳಿಸುತ್ತಿತ್ತು.